ಕೋಡಕ್ಕನ ಗಂಡನ ಫೈಲು

ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಎಲ್ಲರಿಗೂ ಅವಳು ಕೋಡಕ್ಕ. ಅವಳ ಕೆಲಸ ಅಂಥದ್ದು. ರೋಗಿ ಮನೆಗೆ ಹೊರಡುವ ಹೊತ್ತಿಗೆ ಅವನ ಫೈಲು ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿದು ಬರುತ್ತದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಡಾಕ್ಟರು ಬರೆದ ಪ್ರತಿ ಕಾಯಿಲೆಗೂ, ಮಾಡಿದ ಪ್ರತಿ ಚಿಕಿತ್ಸೆಗೂ ಒಂದೊಂದು ಕೋಡು ಹಾಕಬೇಕು. ಒಂದು ಅಕ್ಷರ, ಅದರ ಹಿಂದೆ ಎರಡೋ ಮೂರೋ ನಾಲ್ಕೋ ಅಂಕಿ. ಆ ಕೋಡಿನ ಮೇಲೆ ಬಿಲ್ಲು ತಯಾರಾಗುತ್ತದೆ, ವಿಮೆಯವರು ಒಪ್ಪುತ್ತಾರೆ ಇಲ್ಲವೇ ತಕರಾರು ತೆಗೆಯುತ್ತಾರೆ, ರೋಗಿ ಕೆಲಸ ಮಾಡುವ ಕಡೆಗೆ ಹೋಗುವ ಕಾಗದದ ಮೇಲೂ ಅದೇ ಅಚ್ಚಾಗುತ್ತದೆ.

ಕೆಲಸ ಸಿಕ್ಕ ಹೊಸದರಲ್ಲಿ ಅತ್ತೆ ಕೇಳಿದ್ದರು, "ಅಲ್ಲಿ ಏನು ಮಾಡ್ತೀಯೆ ನೀನು?"

"ಕೋಡು ಹಾಕ್ತೀನಿ ಅತ್ತೆ."

ಅತ್ತೆ ಸೊಸೆಯ ತಲೆಯನ್ನೊಮ್ಮೆ ಮೇಲಿನಿಂದ ನೋಡಿದರು. "ಯಾರಿಗೆ?"

ದಾಖಲೆ ಕೋಣೆಯಲ್ಲಿ ಇದ್ದದ್ದು ಎರಡೇ ಮೇಜು. ಎದುರಿನ ಮೇಜು ಮೇಷ್ಟ್ರದು. ಅವರು ಮೊದಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಶಾಲೆ ಮುಚ್ಚಿದ ಮೇಲೆ ಐವತ್ತು ದಾಟಿದ ವಯಸ್ಸಿನಲ್ಲಿ ಹುಡುಗರ ಜೊತೆ ಕೂತು ಪರೀಕ್ಷೆ ಬರೆದು ಈ ಕೆಲಸಕ್ಕೆ ಬಂದಿದ್ದರು. ಬಂದು ಆರು ವರ್ಷವಾಗಿತ್ತು. ಅವಳು ದಿನಕ್ಕೆ ಮೂವತ್ತು ಫೈಲು ಮುಗಿಸಿದರೆ ಅವರು ಹನ್ನೆರಡು ಮುಗಿಸುತ್ತಿದ್ದರು. ನರ್ಸು ಗೀಚಿದ ಚೀಟಿ, ಲ್ಯಾಬಿನ ಕಾಗದ, ಊಟದ ಪಟ್ಟಿ, ಯಾವುದನ್ನೂ ಬಿಡುತ್ತಿರಲಿಲ್ಲ.

"ನಿಧಾನವೇ ಪ್ರಧಾನ ಅಂತಾರಲ್ಲ ಮೇಷ್ಟ್ರೇ, ಆ ಮಾತು ನಿಮ್ಮನ್ನ ನೋಡೇ ಹುಟ್ಟಿರಬೇಕು," ಎಂದು ಅವಳು ಅಣಕಿಸುತ್ತಿದ್ದಳು.

"ಇರಬಹುದು," ಎಂದು ಅವರು ಇನ್ನೊಂದು ಹಾಳೆ ತಿರುವುತ್ತಿದ್ದರು.

"ಇರಬಹುದು ಅನ್ನೋದಕ್ಕೆ ಕೋಡಿಲ್ಲ."

ಇದು ಅವರಿಬ್ಬರ ನಡುವಿನ ಹಳೆಯ ಮಾತು. ಡಾಕ್ಟರು ಕಾಗದದಲ್ಲಿ ಬರೆದದ್ದಕ್ಕೆ ಮಾತ್ರ ಕೋಡು ಹಾಕಬೇಕು. ಊಹೆಗೆ, ಅಂದಾಜಿಗೆ ಹಾಕುವ ಹಾಗಿಲ್ಲ. ಬರೆದದ್ದು ಅರ್ಥವಾಗದಿದ್ದರೆ, ಒಂದಕ್ಕೊಂದು ಹೊಂದದಿದ್ದರೆ ಗುಲಾಬಿ ಬಣ್ಣದ ಪ್ರಶ್ನೆ ಚೀಟಿ ಬರೆದು ಡಾಕ್ಟರಿಗೆ ಕಳಿಸಬೇಕು. ಆ ಚೀಟಿಗೂ ಒಂದು ಕಟ್ಟಳೆಯಿತ್ತು. ಪ್ರಶ್ನೆ ಕೇಳಬಹುದು, ಉತ್ತರ ಹೇಳಿಕೊಡುವಂತಿಲ್ಲ.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಇಪ್ಪತ್ತೆರಡು ವರ್ಷದಲ್ಲಿ ಬಸ್ಸಿನ ಒಂದು ಕನ್ನಡಿಯನ್ನೂ ಒಡೆದವನಲ್ಲ. ಬ್ರೇಕಿಲ್ಲದ್ದು ಬಾಯಿಗೆ ಮಾತ್ರ. ಆ ವರ್ಷ ಊರಿಗೆಲ್ಲ ಬಂದ ಜ್ವರ ಅವನಿಗೂ ಬಂತು. ನಾಲ್ಕು ದಿನ ಮಲಗಿದ. ಐದನೇ ದಿನ ಕೆಮ್ಮುತ್ತಲೇ ಷರ್ಟಿನ ಗುಂಡಿ ಹಾಕಿಕೊಳ್ಳತೊಡಗಿದ.

"ಇನ್ನೆರಡು ದಿನ ಮಲಗಿದ್ರೆ ಗಂಟು ಹೋಗುತ್ತಾ?" ಎಂದಳು ಹೆಂಡತಿ.

"ನನ್ನ ಗಾಡಿ ಬೇರೆಯವರ ಕೈಗೆ ಸಿಕ್ಕಿದೆ. ಗೇರು ಕಿತ್ತು ಕೈಗೆ ಕೊಡ್ತಾರೆ," ಎಂದು ಹೊರಟೇಬಿಟ್ಟ.

ಮತ್ತೊಂದು ವಾರ ಕಳೆದು ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಕೊನೆಯ ಸ್ಟಾಪಿನಲ್ಲಿ ಅವನ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಬಸ್ಸನ್ನು ಗೆರೆಯೊಳಗೆ ನೆಟ್ಟಗೆ ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಇಂಜಿನ್ ಆರಿಸಿ ಕೀಲಿಯನ್ನು ಕಂಡಕ್ಟರಿನ ಕೈಗೆ ಕೊಟ್ಟ. "ಇದನ್ನ ಇಟ್ಕೊ. ನನಗ್ಯಾಕೋ ಸರಿ ಇಲ್ಲ," ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಹತ್ತಿರವಿದ್ದ ಆಸ್ಪತ್ರೆ ಹೆಂಡತಿ ಕೆಲಸ ಮಾಡುವುದೇ. ಕಂಡಕ್ಟರು ಅಲ್ಲಿಗೇ ಕರೆತಂದ.

ಫೋನು ಬಂದಾಗ ಕೋಡಕ್ಕ ಯಾರದೋ ಮುರಿದ ಮೊಣಕೈಗೆ ಅಂಕಿ ಹುಡುಕುತ್ತಿದ್ದಳು. ಪೆನ್ನು ಕೈಯಲ್ಲೇ ಇತ್ತು, ಚಪ್ಪಲಿ ಮೇಜಿನ ಕೆಳಗೇ ಉಳಿಯಿತು. ಬರಿಗಾಲಲ್ಲಿ ಮೂರು ಮಹಡಿ ಹತ್ತಿದಳು. ಲಿಫ್ಟ್ ಇದೆಯೆಂಬುದು ಮೇಲೆ ಹೋದ ಮೇಲೆ ನೆನಪಾಯಿತು.

ತುರ್ತು ವಿಭಾಗದ ಡಾಕ್ಟರು ಇ.ಸಿ.ಜಿ. ನೋಡಿ, ರಕ್ತದ ವರದಿ ನೋಡಿ, ಕಾಗದದ ಮೇಲೆ 'ಹೃದಯಾಘಾತ' ಎಂದು ಬರೆದಾಗಿತ್ತು. ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ ಹೃದಯದ ರಕ್ತನಾಳಗಳನ್ನು ನೋಡಲು ಅವನನ್ನು ಒಳಗೆ ತಳ್ಳಿಕೊಂಡು ಹೋಗಿದ್ದರು. ಮುಕ್ಕಾಲು ಗಂಟೆಯ ಮೇಲೆ ಹೃದಯದ ಡಾಕ್ಟರು ಹೊರಗೆ ಬಂದರು. ಐವತ್ತು ದಾಟಿದ, ಕುಳ್ಳಗಿನ ಹೆಂಗಸು. ನಡೆಯುವುದೂ ಮಾತಾಡುವುದೂ ಓಟದಲ್ಲೇ. ಅವರ ಅಕ್ಷರ ಕೋಳಿ ಕೆದರಿದ ಹಾಗಿರುತ್ತಿತ್ತು. ವರ್ಷಗಟ್ಟಲೆ ಗುಲಾಬಿ ಚೀಟಿ ಕಳಿಸಿ ಕೋಡಕ್ಕ ಅವರೊಡನೆ ಜಗಳವಾಡಿದ್ದಳು. ಮುಖ ನೋಡಿ ಮಾತಾಡಿದ್ದು ಮಾತ್ರ ಅವತ್ತೇ ಮೊದಲು.

"ನಾಳಗಳೆಲ್ಲ ಸ್ವಚ್ಛವಾಗಿವೆ. ಎಲ್ಲೂ ಅಡ್ಡ ಇಲ್ಲ," ಎಂದರು ಡಾಕ್ಟರು. "ಆದ್ರೆ ಹೃದಯದ ಸ್ನಾಯುಗೆ ಪೆಟ್ಟು ಬಿದ್ದಿರೋದು ನಿಜ, ರಕ್ತದಲ್ಲಿ ಕಾಣ್ತಿದೆ. ಈಚೆಗೆ ಜ್ವರ ಬಂದಿತ್ತು ಅಂದ್ರಲ್ಲ, ಅದರ ಹಿಂದೆ ಸ್ನಾಯು ಊದಿಕೊಂಡಿರಬಹುದು. ಮಯೋಕಾರ್ಡೈಟಿಸ್. ಇಲ್ಲಾ, ಸಣ್ಣದೊಂದು ರಕ್ತದ ಹೆಪ್ಪು ಬಂದು ತಾನಾಗೇ ಕರಗಿರಬಹುದು. ಹಾಗಾಗಿದ್ರೆ ಅದು ಹೃದಯಾಘಾತಾನೇ. ನೋಡೋಣ."

ಇರಬಹುದು, ಇರಬಹುದು. ಕೋಡಕ್ಕ ತಲೆಯಾಡಿಸಿದಳು.

ಹೃದಯದ ಕಾಯಿಲೆಗಳೆಲ್ಲ ಅವಳ ಪುಸ್ತಕದಲ್ಲಿ ಐ ಅಕ್ಷರದ ಕೆಳಗೆ ಸಾಲಾಗಿ ಇದ್ದವು. ಅಂಚೆಯವನಿಗೆ ಓಣಿಯ ಮನೆಗಳು ಗೊತ್ತಿರುವಂತೆ ಅವಳಿಗೆ ಅವು ಗೊತ್ತು. ಹೃದಯಾಘಾತ ಐ ಇಪ್ಪತ್ತೊಂದು. ಸ್ನಾಯುವಿನ ಉರಿಯೂತ ಐ ನಲವತ್ತು. ಅದರ ಆಚೆಗಿನ ಮನೆಗಳೂ ಗೊತ್ತು. ಆ ದಿನ ಅವಳು ಆ ಓಣಿಯಲ್ಲಿ ಮುಂದೆ ಹೋಗದಂತೆ ಮನಸ್ಸನ್ನು ಹಿಡಿದು ನಿಲ್ಲಿಸಿಕೊಂಡಳು.

ಗಂಡ ಮಂಚದ ಮೇಲೆ, ಎದೆಗೆಲ್ಲ ತಂತಿ ಅಂಟಿಸಿಕೊಂಡು ಮಲಗಿದ್ದ. ಅವಳನ್ನು ಕಂಡು, "ಏನೇ, ಕಾಲಿಗೆ ಚಪ್ಪಲಿ ಇಲ್ಲ," ಎಂದ.

"ಮಾತಾಡಬೇಡಿ."

"ಬಸ್ಸಿಗೆ ಒಂದು ಗೀರೂ ಆಗಿಲ್ಲ."

"ಗೊತ್ತು. ಮಾತಾಡಬೇಡಿ ಅಂದೆ." ಅವನ ಕೈ ಹಿಡಿಯಲು ಹೋದರೆ ಅಲ್ಲಿ ಸೂಜಿ ಚುಚ್ಚಿತ್ತು. ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು ಕೂತಳು.

ಎದೆನೋವು ಎರಡೇ ದಿನದಲ್ಲಿ ಇಳಿಯಿತು. ನಾಲ್ಕನೇ ದಿನ ಅವನು ಪಕ್ಕದ ಮಂಚದವನಿಗೆ ಊರಿನ ಯಾವ ಸಿಗ್ನಲ್ ಎಷ್ಟು ಸೆಕೆಂಡ್ ಕೆಂಪಿರುತ್ತದೆಂದು ಹೇಳಿಕೊಡುತ್ತಿದ್ದ. ಅತ್ತೆ ಬೆಳಿಗ್ಗೆ ಬಂದರೆ ಸಂಜೆವರೆಗೂ ಮಗನ ತಲೆದೆಸೆಯಲ್ಲಿ ಕೂತಿರುತ್ತಿದ್ದರು. ಐದನೇ ದಿನ ಡಾಕ್ಟರು, "ನಾಡಿದ್ದು ಮನೆಗೆ ಹೋಗಬಹುದು," ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೋಡಕ್ಕನಿಗೆ ಹೊಸ ಚಿಂತೆ ಶುರುವಾದದ್ದು ಆಗಲೇ. ಮನೆಗೆ ಹೋಗುವುದೆಂದರೆ ಒಂದು ಕಾಗದ ಬರಬೇಕು. ಆ ಕಾಗದದ ಒಂದು ಪ್ರತಿ ಬಸ್ಸಿನ ಆಫೀಸಿಗೆ ಹೋಗುತ್ತದೆ. ಅಲ್ಲಿನ ಕಟ್ಟಳೆ ಅವಳಿಗೆ ಬಾಯಿಪಾಠ. ಹೃದಯಾಘಾತವಾದ ಡ್ರೈವರು ಮತ್ತೆ ಜನ ತುಂಬಿದ ಬಸ್ಸು ಓಡಿಸುವ ಹಾಗಿಲ್ಲ, ಜೀವಮಾನದಲ್ಲಿ. ಉರಿಯೂತವಾದರೆ ಆರು ತಿಂಗಳು ವಿಶ್ರಾಂತಿ, ಆಮೇಲೆ ಪರೀಕ್ಷೆ.

ಮನೆಯವರ ಫೈಲನ್ನು ಮುಟ್ಟಬಾರದೆಂಬುದು ದಾಖಲೆ ಕೋಣೆಯ ನಿಯಮ. ಗಂಡನ ಫೈಲು ಕೆಳಗೆ ಬಂದು ಮೇಷ್ಟ್ರ ಟ್ರೇಯಲ್ಲಿ ಕೂತಿತ್ತು. ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಎದ್ದು ಹೋದರು. ಅವಳು ಹತ್ತು ನಿಮಿಷ ತಡೆದುಕೊಂಡಳು. ಆಮೇಲೆ ಎದ್ದು ಹೋಗಿ ಫೈಲು ಬಿಚ್ಚಿದಳು.

ಅವಳು ಹೆದರಿದ್ದೇ ಆಗಿತ್ತು. ಮೊದಲ ದಿನ ತುರ್ತು ವಿಭಾಗದಲ್ಲಿ ಬರೆದ 'ಹೃದಯಾಘಾತ' ಎರಡನೇ ದಿನದ ಹಾಳೆಗೆ, ಮೂರನೇ ದಿನದ ಹಾಳೆಗೆ ಹಾಗೇ ನಕಲಾಗುತ್ತ ಕೊನೆಯ ಕಾಗದದ ಮೊದಲ ಸಾಲಿಗೂ ಬಂದು ಕೂತಿತ್ತು. ಕೆಳಗೆಲ್ಲೋ ಕೋಳಿ ಕೆದರಿದ ಅಕ್ಷರದಲ್ಲಿ 'ಮಯೋಕಾರ್ಡೈಟಿಸ್ ಇರಬಹುದು' ಎಂದಿತ್ತು. ಅವಳು ಗುಲಾಬಿ ಚೀಟಿ ಎಳೆದುಕೊಂಡು ಬರೆದಳು: 'ಇದು ಮಯೋಕಾರ್ಡೈಟಿಸ್ ಅಲ್ಲವೇ? ದಯವಿಟ್ಟು ಹಾಗೆಂದೇ ತಿದ್ದಿ ಕಳಿಸಿ.'

ಒದ್ದೆ ಕೈ ಒರೆಸಿಕೊಳ್ಳುತ್ತ ಮೇಷ್ಟ್ರು ಒಳಗೆ ಬಂದರು. ಬಿಚ್ಚಿದ ಫೈಲನ್ನು ನೋಡಿದರು, ಅವಳನ್ನು ನೋಡಿದರು. ಚೀಟಿಯನ್ನು ತೆಗೆದುಕೊಂಡು ಓದಿ, ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು.

"ಫೈಲು ನನ್ನದಮ್ಮ," ಎಂದರು.

"ಹಾಗಾದ್ರೆ ನೀವೇ ಬರೀರಿ ಮೇಷ್ಟ್ರೇ. ಬೇಗ ಬರೀರಿ, ಸರಿಯಾಗಿ ಬರೀರಿ."

"ಎರಡೂ ಒಟ್ಟಿಗೆ ನನಗೆ ಬರಲ್ಲ. ನಿಮಗೆ ಗೊತ್ತಲ್ಲ."

"ತಮಾಷೆ ಬೇಡ. ಮಯೋಕಾರ್ಡೈಟಿಸ್ ಅಂತ ಕೇಳಿ ಸಾಕು. ಅವರು ಹೂಂ ಅಂತಾರೆ."

"ಉತ್ತರ ಹೇಳಿಕೊಟ್ಟು ಪ್ರಶ್ನೆ ಕೇಳಬಾರದು ಅಂತ ನನಗೆ ಕಲಿಸಿದವರು ನೀವೇ."

ಅವಳಿಗೆ ಕೋಪ ಉಕ್ಕಿತು. "ಆರು ವರ್ಷ ಎದುರಾ ಬದುರಾ ಕೂತಿದ್ದೀವಿ. ನಿಮ್ಮ ಮಗಳ ಮದುವೆಯಲ್ಲಿ ಓಡಾಡಿದ್ದೀನಿ. ಬಂದ ಹೊಸದರಲ್ಲಿ ನಿಮ್ಮ ತಪ್ಪೆಲ್ಲ ನಾನೇ ತಿದ್ದಿ ಮೇಲೆ ಕಳಿಸ್ತಿದ್ದೆ. ಒಂದು ಚೀಟಿ ಬರೆಯೋಕೆ ನಿಮಗೆ ಕೈ ಬರಲ್ಲ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮಾ, ಒಂದು ಮಾತು. ಅವರಿಗೆ ಆಗಿದ್ದು ನಿಜವಾಗ್ಲೂ ಹೃದಯಾಘಾತವೇ ಆಗಿದ್ರೆ? ನಾವು ಅದನ್ನ ಉರಿಯೂತ ಅಂತ ಮಾಡಿ ಕಳಿಸಿದ್ರೆ, ಅವರಿಗೆ ಕೊಡಬೇಕಾದ ಮಾತ್ರೆ ತಪ್ಪುತ್ತೆ. ಆರು ತಿಂಗಳಾದ ಮೇಲೆ ಅರವತ್ತು ಜನರನ್ನ ಕೂರಿಸಿಕೊಂಡು ಹೊರಡ್ತಾರೆ. ಆಗ ನಿಮಗೆ ನೆಮ್ಮದಿ ಇರುತ್ತಾ?"

ಅವಳು ತನ್ನ ಮೇಜಿಗೆ ಹೋಗಿ ಕೂತು, ಮುಖವನ್ನು ಗೋಡೆಯ ಕಡೆ ಮಾಡಿಕೊಂಡಳು. ಮೇಷ್ಟ್ರು ಅವಳ ಮುಂದೆ ಒಂದು ಲೋಟ ನೀರಿಟ್ಟು, ತಮ್ಮ ಮೇಜಿಗೆ ಮರಳಿ, ಫೈಲಿನ ಮೊದಲ ಹಾಳೆಯಿಂದ ಓದಲು ತೊಡಗಿದರು. ಸಂಜೆ ಐದಕ್ಕೆ ಅವರ ಚೀಟಿ ಮೇಲೆ ಹೋಯಿತು. ಹೋಗುವ ಮೊದಲು ಅದನ್ನು ಗಟ್ಟಿಯಾಗಿ ಓದಿದರು. ಅವಳಿಗೆ ಕೇಳಲಿ ಎಂದೇ ಓದಿದರು. 'ರಕ್ತನಾಳಗಳಲ್ಲಿ ಅಡ್ಡವಿಲ್ಲ ಎಂದು ವರದಿ ಇದೆ. ಮೊದಲ ದಿನದ ಹೃದಯಾಘಾತ ಎಂಬ ಮಾತು ಕೊನೆಯ ಹಾಳೆಯವರೆಗೂ ಮುಂದುವರಿದಿದೆ. ತಮ್ಮ ಅಂತಿಮ ಅಭಿಪ್ರಾಯವೇನು? ಅದಕ್ಕೆ ಆಧಾರವೇನು?'

ಮಾರನೇ ದಿನ ಬೆಳಿಗ್ಗೆ ಆ ಚೀಟಿ ಹಿಡಿದು ಹೃದಯದ ಡಾಕ್ಟರೇ ಕೆಳಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ನೆಲಮಾಳಿಗೆಗೆ ಇಳಿದದ್ದನ್ನು ಕೋಡಕ್ಕ ಕಂಡಿರಲಿಲ್ಲ.

"ಆಧಾರವೇನು ಅಂತ ಕೇಳಿರೋದು ಯಾರು?"

ಮೇಷ್ಟ್ರು ತರಗತಿಯ ಹುಡುಗನಂತೆ ಎದ್ದು ನಿಂತರು. "ನಾನು ಮೇಡಂ."

"ನನ್ನ ಹತ್ರ ಆಧಾರ ಇಲ್ಲ," ಎಂದರು ಡಾಕ್ಟರು ನೇರವಾಗಿ. "ಉರಿಯೂತ ಅಂತ ನನ್ನ ಮನಸ್ಸು ಹೇಳುತ್ತೆ. ಖಾತ್ರಿ ಆಗಬೇಕಾದ್ರೆ ಎಂ.ಆರ್.ಐ. ಮಾಡಬೇಕು. ಆ ಮಷೀನಿಗೆ ಮೂರು ವಾರದ ಸರದಿ ಇದೆ. ಮನೆಗೆ ಕಳಿಸಿ ಆಮೇಲೆ ಕರೆಸೋಣ ಅಂತಿದ್ದೆ."

"ಆಮೇಲೆ ಬಂದ ಉತ್ತರ ಈ ಕಾಗದಕ್ಕೆ ಸೇರಲ್ಲ ಮೇಡಂ. ಇದು ನಾಳೆಯೇ ಬಸ್ಸಿನ ಆಫೀಸಿಗೆ ಹೋಗುತ್ತೆ. ಅಲ್ಲಿ ಓದೋದು ಮೊದಲ ಸಾಲು ಮಾತ್ರ."

ಡಾಕ್ಟರು ಮೊದಲ ಸಾಲನ್ನು ಮತ್ತೊಮ್ಮೆ ನೋಡಿದರು. ಅದು ತಮ್ಮ ಕಣ್ಣು ತಪ್ಪಿಸಿ ಅಲ್ಲಿಯವರೆಗೆ ಬಂದುಬಿಟ್ಟಿದೆ ಎಂದು ಅವರ ಮುಖವೇ ಹೇಳುತ್ತಿತ್ತು. ಆಮೇಲೆ ಕೋಡಕ್ಕನ ಕಡೆ ತಿರುಗಿದರು. "ನನ್ನ ಮೇಲೆ ಇಷ್ಟು ವರ್ಷ ಚೀಟಿ ಚೀಟಿ ಬರೆದವರು ನೀವು. ಇವತ್ತು ಯಾಕೆ ಸುಮ್ಮನಿದ್ದೀರಿ?"

"ಈ ಫೈಲಿಗೆ ನಾನು ಹೆಂಡತಿ ಮೇಡಂ," ಎಂದಳು ಅವಳು.

ಡಾಕ್ಟರು ಒಂದು ಗಳಿಗೆ ನಿಂತರು. ನಿಲ್ಲುವುದು ಅವರಿಗೆ ರೂಢಿಯಿಲ್ಲ. ಅಲ್ಲಿಂದಲೇ ಎಂ.ಆರ್.ಐ. ಕೋಣೆಗೆ ಫೋನು ಮಾಡಿ, ಮಾರನೇ ದಿನ ತಮ್ಮದೇ ಇನ್ನೊಬ್ಬ ರೋಗಿ ಬಿಟ್ಟುಕೊಟ್ಟಿದ್ದ ಸಮಯವನ್ನು ಹಿಡಿದರು.

ಗಂಡ ಮುಕ್ಕಾಲು ಗಂಟೆ ಮಷೀನಿನೊಳಗೆ ಮಲಗಿ ಬಂದ. "ಹಳೇ ಡೀಸೆಲ್ ಗಾಡಿ ಅದು. ಅಷ್ಟು ಸದ್ದು ಮಾಡಿದ್ರೆ ನಮ್ಮ ಡಿಪೋದಲ್ಲಿ ಹೊರಗೇ ಬಿಡಲ್ಲ," ಎಂದ. ಹೆಂಡತಿ ನಗಲಿಲ್ಲ. ಅತ್ತೆ, "ನಿನ್ನ ಬಾಯಿಗೆ ಆ ಮಷೀನಲ್ಲಿ ಏನೂ ಮಾಡಲಿಲ್ವೇನೋ?" ಎಂದರು.

ಮಧ್ಯಾಹ್ನ ಮೂರಕ್ಕೆ ಡಾಕ್ಟರು ಬಂದು ಮಂಚದ ಅಂಚಿನಲ್ಲಿ ಕೂತರು. ಔಷಧಿ ಚೀಟಿಯ ಹಿಂಬದಿಯಲ್ಲಿ ಒಂದು ಬಳೆ ಬರೆದರು. "ಇದು ಹೃದಯದ ಗೋಡೆ ಅಂದ್ಕೊಳ್ಳಿ. ನಾಳ ಕಟ್ಟಿದ್ರೆ ಗೋಡೆ ಒಳಗಡೆಯಿಂದ ಕೆಡ್ತಾ ಬರುತ್ತೆ. ನಿಮ್ಮ ಒಳಗಡೆ ಚೆನ್ನಾಗಿದೆ. ಹೊರಗಡೆ ಮಾತ್ರ ಅಲ್ಲಲ್ಲಿ ಮಚ್ಚೆ ಮಚ್ಚೆ ಊದಿಕೊಂಡಿದೆ. ಇದು ಹೃದಯಾಘಾತ ಅಲ್ಲ. ಉರಿಯೂತ. ಆರು ತಿಂಗಳು ಓಡಬಾರದು, ಭಾರ ಎತ್ತಬಾರದು, ಬಸ್ಸು ಮುಟ್ಟಬಾರದು. ಆಮೇಲೆ ಮತ್ತೆ ನೋಡೋಣ." ಫೈಲಿನ ಹಳೆಯ ಸಾಲನ್ನು ಹೊಡೆದು ಹೊಸದನ್ನು ಬರೆದರು. ಅಷ್ಟು ದುಂಡಗೆ ಅವರು ಬರೆಯಬಲ್ಲರು ಎಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಫೈಲು ಕೆಳಗೆ ಹೋದದ್ದೇ ಕೋಡಕ್ಕನೂ ಅದರ ಹಿಂದೆಯೇ ಓಡಿದಳು. "ಐ ನಲವತ್ತು ಮೇಷ್ಟ್ರೇ."

"ಅಲ್ಲ," ಎಂದರು ಮೇಷ್ಟ್ರು.

"ಅಲ್ಲ ಅಂದ್ರೆ?"

ಮೇಷ್ಟ್ರು ಫೈಲಿನ ಮಧ್ಯದಿಂದ ಅಂಗೈಯಗಲದ ಒಂದು ಲ್ಯಾಬ್ ಕಾಗದ ತೆಗೆದರು. ಮೊದಲ ದಿನ ಯಾರೋ ಮೂಗಿನಿಂದ ಕಡ್ಡಿಯಲ್ಲಿ ದ್ರವ ತೆಗೆದು ಕಳಿಸಿದ್ದರು. ಉತ್ತರ ಮೂರನೇ ದಿನ ಬಂದಿತ್ತು, ಯಾರೂ ನೋಡಿರಲಿಲ್ಲ. ಇನ್‌ಫ್ಲುಯೆಂಜಾ ವೈರಸ್ ಇದೆ ಎಂದಿತ್ತು. "ನಿನ್ನೆಯೇ ಇದನ್ನೂ ಮೇಡಂಗೆ ತೋರಿಸಿದ್ದೆ. ಇನ್‌ಫ್ಲುಯೆಂಜಾದಿಂದ ಆದ ಉರಿಯೂತ ಅಂತ ಈಗ ಬರೆದುಕೊಟ್ಟಿದ್ದಾರೆ. ಹಾಗಾದ್ರೆ ಅದರ ಜಾಗ ಜೆ ಹತ್ತರಲ್ಲಿ, ನೆಗಡಿ ಕೆಮ್ಮಿನ ಜೊತೆ."

ಅವಳು ಪುಸ್ತಕ ತೆಗೆದು ನೋಡಿದಳು. ಮೇಷ್ಟ್ರು ಹೇಳಿದ್ದೇ ಸರಿ. ಮುಟ್ಟಬಾರದ ಫೈಲನ್ನು ತಾನೇ ಮುಗಿಸಿದ್ದರೆ, ಅಷ್ಟೆಲ್ಲ ಹಟ ಮಾಡಿ, ತಪ್ಪು ಕೋಡು ಹಾಕಿರುತ್ತಿದ್ದಳು.

"ಮೇಷ್ಟ್ರೇ, ಆವತ್ತು ನಾನು ಆಡಿದ ಮಾತು..."

"ಯಾವ ಮಾತು?" ಎಂದು ಅವರು ಹಾಳೆ ತಿರುವಿದರು.

ಸಾಯಂಕಾಲ ಗಂಡ ಕೇಳಿದ, "ನನ್ನ ನಂಬರ್ ಎಷ್ಟಂತೆ?"

"ಜೆ ಹತ್ತು. ಬಾಲದಲ್ಲಿ ಇನ್ನೆರಡು ಅಂಕಿ."

"ರೂಟ್ ನಂಬರ್ ಇದ್ದ ಹಾಗಿದೆ. ಎಲ್ಲಿಗೆ ಹೋಗುತ್ತೆ?"

"ಮನೆಗೆ," ಎಂದು ಅವಳು ಅವನ ಬಟ್ಟೆ ಮಡಿಚಿದಳು.

ಮನೆಯೆಂದರೆ ಮೊದಲ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಉದ್ದನೆಯ ಬಾಲ್ಕನಿ. ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಮೈಲಿ ತಿರುಗಿದ ಗಂಡಸನ್ನು ಅಷ್ಟರಲ್ಲಿ ಕೂಡಿಹಾಕುವುದು ಹುಡುಗಾಟವಲ್ಲ. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಕೆಮ್ಮಿದರೆ ಕೇಳುತ್ತಿದ್ದರು, ಕೆಮ್ಮದಿದ್ದರೂ ಕೇಳುತ್ತಿದ್ದರು. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದದ್ದಕ್ಕೆ ಉಪ್ಪಿನ ಡಬ್ಬಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಹೊತ್ತು ಹೋಗಲೆಂದು ಹೆಂಡತಿ ಹಳೆಯ ಮುದ್ರಣದ ಕೋಡ್ ಪುಸ್ತಕ ತಂದುಕೊಟ್ಟಳು. ಇಂಗ್ಲಿಷು ತಡವರಿಸಿದರೂ ಅವನು ಅದಕ್ಕೆ ಅಂಟಿಕೊಂಡ.

"ಅಮ್ಮಾ, ಕೇಳಿಲ್ಲಿ. ಗಿಳಿ ಕಚ್ಚಿದ್ರೆ ಒಂದು ಕೋಡು."

"ಗಿಳಿ ಕಚ್ಚಿದ್ದಕ್ಕೆ ಆಸ್ಪತ್ರೆಗೆ ಹೋಗ್ತಾರಾ?"

"ಬಾತುಕೋಳಿ ಬಂದು ಗುದ್ದಿದ್ರೆ ಇನ್ನೊಂದು. ದೀಪದ ಕಂಬಕ್ಕೆ ಹೋಗಿ ಡಿಕ್ಕಿ ಹೊಡೆದ್ರೆ ಮತ್ತೊಂದು."

"ಕಣ್ಣು ಎಲ್ಲಿಟ್ಟಿದ್ದ ಅನ್ನೋದಕ್ಕೂ ಒಂದು ಇರಬೇಕು."

ಒಂದು ದಿನ ಅವನು ಪುಸ್ತಕದ ಕೊನೆಯ ಭಾಗಕ್ಕೆ ಬಂದು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಕೆಲಸ ಮುಗಿಸಿ ಬಂದ ಹೆಂಡತಿ ಹೆದರಿ ಒಳಗೆ ಓಡಿದಳು. "ಇಲ್ಲಿ ನೋಡೇ. ಅತ್ತೆಮನೆಯವರ ಜೊತೆ ಹೊಂದಾಣಿಕೆ ಇಲ್ಲದೆ ಬರೋ ತೊಂದರೆ. ಅದಕ್ಕೂ ನಂಬರ್ ಕೊಟ್ಟಿದ್ದಾರೆ. ಜೆಡ್ ಅರವತ್ತಮೂರು, ಚುಕ್ಕೆ, ಒಂದು."

ಅತ್ತೆ ಸೊಸೆಯನ್ನು ನೋಡಿದರು, ಸೊಸೆ ಅತ್ತೆಯನ್ನು ನೋಡಿದಳು.

"ಇಷ್ಟು ವರ್ಷ ಗೊತ್ತಿದ್ದೂ ನನಗೆ ಹೇಳಿಲ್ಲ ನೋಡು ಇವಳು," ಎಂದರು ಅತ್ತೆ. ಆವತ್ತಿನಿಂದ ಮನೆಯಲ್ಲಿ ಜಗಳದ ಬದಲು ಆ ನಂಬರೇ ಆಯಿತು. ಸೊಸೆ ಹಾಲು ಉಕ್ಕಿಸಿದರೆ ಅತ್ತೆ ಬಾಗಿಲಿಂದಲೇ, "ಅರವತ್ತಮೂರು," ಎನ್ನುತ್ತಿದ್ದರು. ಸೊಸೆ, "ಚುಕ್ಕೆ ಒಂದು," ಎಂದು ಒಲೆ ಒರೆಸುತ್ತಿದ್ದಳು.

ಮೂರನೇ ತಿಂಗಳಲ್ಲಿ ಒಂದು ಭಾನುವಾರ ಅತ್ತೆ ಸ್ನಾನಕ್ಕೆ ಹೋಗಿದ್ದರು. ಅಂಗಡಿಯಿಂದ ತರಕಾರಿ ಚೀಲ ಹಿಡಿದು ಬಂದ ಕೋಡಕ್ಕ ಮೆಟ್ಟಿಲ ತಿರುವಿನಲ್ಲಿ ಗಂಡನನ್ನು ಕಂಡಳು. ಮೇಲಿನ ಮನೆಗೆ ಹೊಸದಾಗಿ ಬಂದ ದರ್ಜಿಯ ಹೊಲಿಗೆ ಮಷೀನಿನ ಒಂದು ಕಡೆ ದರ್ಜಿ, ಇನ್ನೊಂದು ಕಡೆ ಇವನು. ಮುಖ ಕೆಂಪಾಗಿತ್ತು, ಹಣೆಯಲ್ಲಿ ಬೆವರಿತ್ತು.

"ಇಳಿಸಿ," ಎಂದಳು.

"ಇನ್ನು ನಾಲ್ಕೇ ಮೆಟ್ಟಿಲು..."

"ಇಳಿಸಿ ಅಂದೆ."

ಧ್ವನಿ ಕೇಳಿ ದರ್ಜಿಯೇ ಮೊದಲು ಇಳಿಸಿದ, ಯಾರನ್ನೋ ಕರೆತರುತ್ತೇನೆಂದು ಕೆಳಗೆ ಜಾರಿಕೊಂಡ. ಕೋಡಕ್ಕ ಚೀಲ ಬಿಟ್ಟು ಮೆಟ್ಟಿಲ ಮೇಲೆ ಕೂತಳು. ಬೈಯುತ್ತಾಳೆಂದು ಅವನು ಕಾದ. ಅವಳು ಅಳುತ್ತಿದ್ದಳು.

"ನನಗೇನೂ ಆಗಿಲ್ಲ ಕಣೇ. ನೋಡು, ಉಸಿರು ಸರಿಯಾಗೇ ಇದೆ."

"ನಿಮಗೆ ಗೊತ್ತಿಲ್ಲ. ನನಗೆ ಗೊತ್ತು." ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡದ್ದು ಹೊರಬಂತು. "ಐ ನಲವತ್ತರ ಆಚೆ ಎರಡು ಮನೆ ದಾಟಿದ್ರೆ ನಲವತ್ತೆರಡು. ಹೃದಯ ಹಿಗ್ಗಿ ಚೀಲ ಆಗೋದು. ನಲವತ್ತಾರು, ಇದ್ದಕ್ಕಿದ್ದ ಹಾಗೆ ನಿಲ್ಲೋದು. ಐವತ್ತು, ಪಂಪು ಸೋಲೋದು. ಉರಿಯೂತ ಆಗಿ, ಸರಿಹೋಯ್ತು ಅಂತ ಎದ್ದು ಓಡಿದ ಗಟ್ಟಿಮುಟ್ಟು ಜನರ ಫೈಲು ನನ್ನ ಮೇಜಿಗೇ ಬಂದಿದ್ದಾವೆ. ಅವರ ಮುಖ ನಾನು ನೋಡಿಲ್ಲ. ನಂಬರ್ ಹಾಕಿ, ಮುಚ್ಚಿ, ಚಹಾ ಕುಡಿದಿದ್ದೀನಿ. ಈಗ ನೀವು ಮಲಗಿದ್ರೆ ಆ ನಂಬರುಗಳೆಲ್ಲ ಸಾಲಾಗಿ ಬಂದು ನಿಲ್ತಾವೆ."

ಅವನು ಅವಳ ಪಕ್ಕದಲ್ಲಿ ಕೂತ. ಬಾಯಿಗೆ ಬ್ರೇಕು ಬಿದ್ದದ್ದು ಆವತ್ತೇ ಇರಬೇಕು. ಅವಳ ಬೆನ್ನು ಸವರಿ, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದ.

"ನೀವು ನಗ್ತಾ ಇದ್ದಿರಿ."

"ಹೆದರಿಕೆಗೆ ನಗ್ತಿದ್ದೆ ಕಣೇ."

ಉರುಳಿದ್ದ ಈರುಳ್ಳಿಗಳನ್ನು ಅವನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದ. ಚೀಲ ಎತ್ತಲು ಹೋದವನು ಅವಳ ಮುಖ ನೋಡಿ ಅಲ್ಲೇ ಬಿಟ್ಟ. ಆಮೇಲಿನ ಮೂರು ತಿಂಗಳು ಅವನು ತುಂಬಿದ ಕೊಡವನ್ನೂ ಮುಟ್ಟಲಿಲ್ಲ.

ಆರು ತಿಂಗಳು ತುಂಬಿತು. ಒಂದು ಇಡೀ ದಿನ ಎದೆಗೆ ಪುಟ್ಟ ಯಂತ್ರ ಕಟ್ಟಿಕೊಂಡು ತಿರುಗಿದ, ಓಡುವ ಪಟ್ಟಿಯ ಮೇಲೆ ನಡೆದ, ಸದ್ದಿನ ಮಷೀನಿಗೆ ಇನ್ನೊಮ್ಮೆ ಹೊಕ್ಕ. ಡಾಕ್ಟರು ಎಲ್ಲವನ್ನೂ ಮುಂದಿಟ್ಟುಕೊಂಡು, "ಮಚ್ಚೆ ಪೂರ್ತಿ ಮಾಯವಾಗಿಲ್ಲ. ಒಂದು ಸಣ್ಣ ಗಾಯದ ಗುರುತು ಉಳಿದಿದೆ, ಅದು ಹಾಗೇ ಇರುತ್ತೆ. ಪಂಪು ಗಟ್ಟಿಯಾಗಿದೆ, ತಾಳ ಎಲ್ಲೂ ತಪ್ಪಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಜ್ವರ ಬಂದ್ರೆ ಮಲಗಬೇಕು," ಎಂದರು. ಕೊನೆಯ ಮಾತನ್ನು ಹೇಳುವಾಗ ಹೆಂಡತಿಯ ಕಡೆ ನೋಡಿದರು. ಬಸ್ಸಿನ ಆಫೀಸಿನ ಡಾಕ್ಟರು ಆ ಕಾಗದವನ್ನು ಮೂರು ಸಲ ಓದಿ, ಮೊದಲು ಮೂರು ತಿಂಗಳು ಡಿಪೋದೊಳಗಿನ ಕೆಲಸ, ಆಮೇಲೆ ಒಂದು ಸಣ್ಣ ರೂಟು ಎಂದು ಬರೆದುಕೊಟ್ಟರು.

ಆ ಮೂರು ತಿಂಗಳೂ ಕಳೆದು ಅವನು ಮತ್ತೆ ಬಸ್ಸು ಹತ್ತಿದ ದಿನ ಕೋಡಕ್ಕ ಕೆಲಸಕ್ಕೆ ಹೋದಳು. ಫೈಲಿನಲ್ಲಿ ಮನಸ್ಸು ನಿಲ್ಲಲಿಲ್ಲ. ಮೇಷ್ಟ್ರು ಅವಳ ಟ್ರೇಯಿಂದ ಎಂಟು ಫೈಲು ಎತ್ತಿಕೊಂಡು ಹೋಗಿ ತಮ್ಮ ಟ್ರೇಗೆ ಹಾಕಿಕೊಂಡರು. ಅವಳು ಮಧ್ಯಾಹ್ನ ಮನೆಗೆ ಫೋನು ಮಾಡಿದರೆ ಅತ್ತೆ ಎತ್ತಲಿಲ್ಲ. ಮೂರಕ್ಕೆ ಮಾಡಿದಾಗಲೂ ಎತ್ತಲಿಲ್ಲ. ಐದಕ್ಕೆ ಅವಳು ಓಡೋಡಿ ಮನೆಗೆ ಬಂದಳು. ಬಾಗಿಲಿಗೆ ಬೀಗ.

ಬೀಗ ತೆಗೆಯುವಷ್ಟರಲ್ಲಿ ಮೆಟ್ಟಿಲ ಕೆಳಗೆ ಮಾತು ಕೇಳಿಸಿತು. ಮೊದಲು ಗಂಡ, ಅವನ ಹಿಂದೆ ಕಂಡಕ್ಟರು, ಇಬ್ಬರ ನಡುವೆ ಕೈಚೀಲ ಹಿಡಿದುಕೊಂಡು ಅತ್ತೆ.

"ಅಕ್ಕಾ, ನೀವೇ ನ್ಯಾಯ ಹೇಳಿ," ಎಂದ ಕಂಡಕ್ಟರು. "ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹತ್ತಿದವರು. ಡ್ರೈವರ್ ಹಿಂದಿನ ಸೀಟು. ಕೊನೇ ಸ್ಟಾಪಲ್ಲಿ ಇಳೀರಮ್ಮಾ ಅಂದ್ರೆ, ಮತ್ತೆ ಟಿಕೆಟ್ ಕೊಡಪ್ಪಾ ಅಂತಾರೆ. ಹನ್ನೊಂದು ಟಿಕೆಟ್ ಹರಿದಿದ್ದೀನಿ."

"ದುಡ್ಡು ಕೊಟ್ಟು ಕೂತಿದ್ದೀನಿ. ನಿನಗೇನು ನೋವು?" ಎಂದರು ಅತ್ತೆ, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ.

"ಹಿಂದಿನಿಂದ ನನ್ನ ಕತ್ತು ನೋಡ್ತಾ ಕೂತಿದ್ರು ಕಣೇ, ಇಡೀ ದಿನ," ಎಂದ ಗಂಡ. "ಕನ್ನಡಿಯಲ್ಲಿ ನೋಡಿದಾಗೆಲ್ಲ ಇವರೇ."

ಕೋಡಕ್ಕ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡಳು. ಅದರೊಳಗೆ ನೀರಿನ ಬಾಟಲಿ, ಡಾಕ್ಟರ ಫೋನು ನಂಬರ್ ಬರೆದ ಚೀಟಿ, ಎರಡು ಬಾಳೆಹಣ್ಣು ಇದ್ದವು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಪಾದದ ಬಳಿ ತಾನೂ ಕೂತಳು. ನಿಂತು ನಿಂತು ಓಡುವ ಬಸ್ಸಿನಲ್ಲಿ ಇಡೀ ದಿನ ಕೂತು ಆ ಪಾದಗಳು ಊದಿದ್ದವು. ಅವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು.

"ಹೇಗೆ ಓಡಿಸ್ತಾರೆ ಅತ್ತೆ?"

ಅತ್ತೆ ಕಣ್ಣು ಮುಚ್ಚಿಕೊಂಡು ಯೋಚಿಸಿದರು. "ಚೆನ್ನಾಗೇ ಓಡಿಸ್ತಾನೆ. ತಿರುವಿನಲ್ಲಿ ಸ್ವಲ್ಪ ಜೋರು," ಎಂದರು. "ನಾಳೆ ಹೇಳ್ತೀನಿ ಅವನಿಗೆ."